ಕ್ಯಾಪ್ಟನ್‌ಗೆ ತೆಗೆದ ಅಳತೆ

ಎದುರು ಮನೆಯ ಹುಡುಗನಿಗೆ ಸೈನಿಕ ಅಕಾಡೆಮಿಯಲ್ಲಿ ಸೀಟು ಸಿಗುವ ಮೊದಲೇ ನಮ್ಮ ಬೀದಿ ಅವನನ್ನು ಕ್ಯಾಪ್ಟನ್ ಮಾಡಿಬಿಟ್ಟಿತ್ತು. ಬರೆಯುವ ಪರೀಕ್ಷೆ ದಾಟಿದ್ದ, ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದ, ಸಂದರ್ಶನದಲ್ಲೂ ಸೈ ಅನ್ನಿಸಿಕೊಂಡಿದ್ದ. ವೈದ್ಯಕೀಯ ತಪಾಸಣೆ ಒಂದೇ ಬಾಕಿ. ಅದಕ್ಕೆ ಹಾಕಿಕೊಂಡು ಹೋಗಲು ಪ್ಯಾಂಟು ಬೇಕೆಂದು ನನ್ನ ಟೈಲರ್ ಅಂಗಡಿಗೆ ಬಂದ. ತಂದ ಬಟ್ಟೆ ಆ ಉದ್ದ ಕಾಲುಗಳಿಗೆ ಸಾಲಲಿಲ್ಲ.

"ಇನ್ನೂ ಬೆಳೆದ್ರೆ ನಿಂಗೆ ಪರದೆ ಬಟ್ಟೇಲೇ ಹೊಲೀಬೇಕು ಕಣೋ!" ಎಂದು ಬೈದು, ಒಳಮಡಿಕೆಗೆ ನನ್ನಲ್ಲಿದ್ದ ತುಂಡನ್ನೇ ಜೋಡಿಸಿದೆ.

ಅವನಪ್ಪ ತಾಮ್ರದ ಹಂಡೆ ಬಡಿಯುವವನು. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಹುಡುಗ ಅಂಬೆಗಾಲಿಕ್ಕಿದ್ದು ಆ ಸದ್ದಿನಲ್ಲಿ, ಮೀಸೆ ಮೂಡಿದ ಮೇಲೆ ಅಪ್ಪನ ಎದುರು ಕೂತು ಸುತ್ತಿಗೆ ಹಿಡಿದದ್ದೂ ಅಲ್ಲೇ. ಆ ಮನೆಯಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಹಲಗೆಯ ನೆಲವನ್ನು ಕಾಲಿನಿಂದ ಕುಟ್ಟುತ್ತಾರೆ. ಅದು ಅಂಗಾಲಿಗೆ ತಿಳಿದು ಇನ್ನೊಬ್ಬರು ತಿರುಗಿದ ಮೇಲೆಯೇ ಮಾತು. ಆ ಮಾತು ಬೀದಿಯ ಕೊನೆಯವರೆಗೆ ಕೇಳಿಸುತ್ತದೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ತಪಾಸಣೆಯಲ್ಲಿ ಡಾಕ್ಟರು ಬೆನ್ನ ಹಿಂದೆ ನಿಂತು ಪಿಸುಗುಟ್ಟುತ್ತಾರೆ, ಕೇಳಿಸಿದ್ದನ್ನು ತಿರುಗಿ ಹೇಳಬೇಕು ಎಂದು ಗೊತ್ತಾದಾಗ ಅಪ್ಪನೇ ಅಭ್ಯಾಸ ಮಾಡಿಸಲು ನಿಂತ. ಮಗನನ್ನು ಗೋಡೆಗೆ ಮುಖ ಮಾಡಿಸಿ, ತಾನು ಬಾಗಿಲಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ.

"ಕುದುರೆ!"

"ಕುದುರೆ," ಎಂದ ಮಗ.

"ಕಿಟಕಿ!"

"ಕಿಟಕಿ."

"ಕತ್ತರಿ!"

"ಕತ್ತರಿ ಇಲ್ಲಿದೆ, ಬಂದು ತಗೊಂಡು ಹೋಗಿ!" ಎಂದು ನಾನು ಬೀದಿಯ ಈಚೆಯಿಂದ ಕೂಗಿದೆ. ದಾರಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನಿಗೆ ಅದ್ಯಾವುದರ ಪರಿವೆಯೂ ಇಲ್ಲ, ನೂರಕ್ಕೆ ನೂರು ಎಂದು ಹಿಗ್ಗುತ್ತಿದ್ದ. ಹುಡುಗ ಮಾತ್ರ ತಿರುಗಿ, ನಗುತ್ತಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದ. ಅವನ ಮುಖ ಬಿಳುಚಿಕೊಂಡಿತು.

ಸಂಜೆ ಅಂಗಡಿಗೆ ಬಂದು ತಾನೇ ಬಾಗಿಲು ಹಾಕಿದ. "ಮಾವ, ನನ್ ಹಿಂದೆ ನಿಂತ್ಕೊಂಡು ಮೆಲ್ಲಗೆ ಏನಾದ್ರೂ ಹೇಳಿ."

"ಸೂಜಿ," ಎಂದೆ. ಅವನು ಸುಮ್ಮನೆ ನಿಂತಿದ್ದ.

"ದಾರ," ಎಂದೆ.

"ಶುರು ಮಾಡಿ ಮಾವ."

ಕೈಯಲ್ಲಿದ್ದ ಟೇಪನ್ನು ಮೇಜಿನ ಮೇಲಿಟ್ಟೆ. ಅವನು ತಿರುಗಿ ನನ್ನ ಮುಖ ನೋಡಿದ, ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅಪ್ಪಂಗೆ ಹೇಳ್ಬೇಡಿ. ತನ್ ಸುತ್ತಿಗೆಯಿಂದ್ಲೇ ಹೀಗಾಯ್ತು ಅಂತ ಗೊತ್ತಾದ್ರೆ ಮತ್ತೆ ಅದನ್ನ ಮುಟ್ಟಲ್ಲ."

ಅಲ್ಲಿಂದ ಮುಂದೆ ಹುಡುಗನಿಗೆ ಅನ್ನ ಸೇರಲಿಲ್ಲ. ಮಾತಾಡುವಾಗ ಎದುರಿನವರ ತುಟಿಯನ್ನೇ ನೋಡುತ್ತಿದ್ದ. ಮೊದಲಿನಿಂದಲೂ ಹಾಗೇ ನೋಡುತ್ತಿದ್ದನಂತೆ, ತನಗೇ ಈಗ ಗೊತ್ತಾಯಿತಂತೆ. ಹೆದರಿಕೆ ಅಂಟುರೋಗ ನೋಡಿ. ಯಾರದೋ ಅಂಗಿಗೆ ನಾನು ಎರಡೂ ಎಡಗೈ ತೋಳುಗಳನ್ನೇ ಕತ್ತರಿಸಿಟ್ಟೆ.

ತಪಾಸಣೆಯ ದಿನ ಅಪ್ಪನನ್ನು ಹೇಗೋ ಒಪ್ಪಿಸಿ ಮನೆಯಲ್ಲೇ ಬಿಟ್ಟು, ನನ್ನನ್ನು ಜೊತೆಗೆ ಕರೆದೊಯ್ದ. ಡಾಕ್ಟರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನಾನು ಹೊರಗಿನ ಬೆಂಚಿನ ತುದಿಯಲ್ಲಿ ಕೂತಿದ್ದೆ. ಗೋಡೆಗೆ ಮುಖ ಮಾಡಿ ಅವನು ನಾನು ಹೊಲಿದ ಪ್ಯಾಂಟಿನಲ್ಲಿ ನಿಂತಿದ್ದ.

"ಸೇತುವೆ," ಎಂದರು ಡಾಕ್ಟರು. ಹೊರಗಿದ್ದ ನನಗೇ ಕೇಳಿಸಿತು.

ಅವನು ಅಂಗಾಲನ್ನು ನೆಲಕ್ಕೆ ಒತ್ತಿದ. ಮನೆಯಲ್ಲಾದರೆ ಅಂಗಾಲಾದರೂ ಸುಳಿವು ಕೊಡುತ್ತಿತ್ತು. ಇದು ಕಲ್ಲಿನ ನೆಲ. ಹೇಳು, ಏನಾದರೂ ಹೇಳು ಎಂದು ನಾನು ಬೆಂಚಿನಿಂದ ಅರ್ಧ ಎದ್ದೆ.

"ಬೆಳಕು," ಎಂದರು ಡಾಕ್ಟರು.

ಬಹಳ ಹೊತ್ತಿನ ಮೇಲೆ ಅವನು ಹೇಳಿದ: "ಕುದುರೆ." ಇನ್ನೂ ಸ್ವಲ್ಪ ತಡೆದು, "ಕಿಟಕಿ."

ಡಾಕ್ಟರು ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. ಹಾವು ತುಳಿದವನಂತೆ ಅವನು ಬೆಚ್ಚಿಬಿದ್ದ.

ನಾವು ಮರಳಿದಾಗ ಅಪ್ಪ ಹಂಡೆಯೊಂದನ್ನು ಮಗುಚಿಟ್ಟುಕೊಂಡು ಬಡಿಯುತ್ತಿದ್ದ. ಮಗ ನೆಲ ಕುಟ್ಟಿದ, ಅಪ್ಪ ತಿರುಗಿದ. ಮುಖ ನೋಡಿದ್ದೇ ಅವನಿಗೆ ಗೊತ್ತಾಗಿಹೋಯಿತು. ಸುತ್ತಿಗೆ ಕೆಳಗಿಟ್ಟು, ಯಾರಿಗೂ ಕೇಳಿಸಬಾರದೆಂದು ಮಗನ ಕಿವಿಯ ಬಳಿ ಬಾಗಿ ಪಿಸುಗುಟ್ಟಿದ. ಅದು ಇಡೀ ಬೀದಿಗೆ ಕೇಳಿಸಿತು.

"ಕಿವಿನಾ? ನನ್ನಿಂದಾನಾ ಮಗನೇ?"

ಬೀದಿಯಲ್ಲಿ ಯಾರೂ ನಗಲಿಲ್ಲ.

"ಇಲ್ಲಪ್ಪಾ! ಎತ್ತರ ಸಾಲಲ್ವಂತೆ!" ಎಂದು ಮಗ ಕಿರುಚಿದ. ಬಾಗಿಲ ಮೇಲಿನ ಪಟ್ಟಿಗೆ ತಲೆ ತಾಗದಿರಲೆಂದು ಕತ್ತು ಬಗ್ಗಿಸಿ ನಿಂತಿದ್ದ.

ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಸೀದಾ ಬೀದಿ ದಾಟಿ ನನ್ನ ಬಳಿಗೆ ಬಂದ.

"ಅಳತೆ ತೆಗೆದೋನು ನೀನು. ನಿಜ ಹೇಳು, ಎತ್ತರ ಕಮ್ಮಿನಾ?"

ಅವನ ಹಿಂದೆ ಹುಡುಗ ನನ್ನ ತುಟಿಯನ್ನೇ ನೋಡುತ್ತಿದ್ದ. ಇಬ್ಬರಿಗೂ ತಿಳಿಯುವಂತೆ ಗಂಟಲು ಹರಿದುಕೊಂಡು ಕೂಗಿದೆ.

"ಹೂಂ ಅಣ್ಣಾ, ಕಮ್ಮೀನೇ! ನೀವು ಕೊಟ್ಟ ಬಟ್ಟೇಲಿ ಇನ್ನೂ ಮಿಕ್ಕಿದೆ!"