ಮೊದಲ ಮೌಂಡ್ ಕಟ್ಟಿದವನು

ಇದನ್ನು ಹೇಳುವುದನ್ನು ಆರು ವರ್ಷ ಮುಂದಕ್ಕೆ ಹಾಕಿದ್ದೇನೆ. ರಜೆಗೆ ನಮ್ಮೂರು ಮೊರಬಕ್ಕೆ ಹೋದಾಗಲೆಲ್ಲ ಮಂದಿ ಗಲ್ಫಿನ ಸುದ್ದಿ ಕೇಳಿದರು. ಎತ್ತರದ ಕಟ್ಟಡಗಳ ಮಾತು ತೆಗೆದು ತಪ್ಪಿಸಿಕೊಂಡೆ.

ಈ ಗಲ್ಫಿಗೆ ಬಂದ ಮೊದಲ ದಿನ ಒಂದು ಹಸಿರು ಮೈದಾನದ ನಡುವೆ ಗೇಣೆತ್ತರದ ಮಣ್ಣಿನ ದಿಬ್ಬ ತೋರಿಸಿ, ಇದನ್ನು ಕಾಯಬೇಕು ಎಂದರು. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಕ್ರಿಕೆಟ್ ಪಿಚ್ ನೋಡಿಕೊಂಡವನು ನಾನು. ದಿಬ್ಬ ಕಂಡರೆ ಮಟ್ಟ ಮಾಡುವುದಷ್ಟೇ ಗೊತ್ತು. ಆದರೆ ಇದು ಬೇಸ್‌ಬಾಲ್. ಚೆಂಡು ಎಸೆಯುವವನು ದಿಬ್ಬದ ಮೇಲೆ ನಿಂತೇ ಎಸೆಯಬೇಕು. ಅದಕ್ಕೆ ಮೌಂಡ್ ಎನ್ನುತ್ತಾರೆ.

ತಂಡ ಆಗಷ್ಟೇ ಹುಟ್ಟಿತ್ತು. ಸಂಬಳಕ್ಕೆ ಆಡುವವರು ಜಪಾನಿನಿಂದ, ಇನ್ನೆಲ್ಲೆಲ್ಲಿಂದಲೋ ಬಂದಿದ್ದರು. ಅಂಗಿ, ಟೋಪಿ, ಲಾಂಛನ ಎಲ್ಲ ಇತ್ತು, ನೋಡುವವರೇ ಇರಲಿಲ್ಲ. ಕೂಲಿಕಾರರ ಕ್ಯಾಂಪುಗಳಿಂದ ಬಸ್ಸಿನಲ್ಲಿ ಮಂದಿ ತಂದು, ಬಿರಿಯಾನಿ ಕೊಟ್ಟು ಕೂರಿಸುತ್ತಿದ್ದರು. ಬ್ಯಾಟಿಗೆ ತಾಗಿದ ಚೆಂಡು ಹಿಂದಕ್ಕೆ ಹಾರಿದರೆ ಈ ಆಟದಲ್ಲಿ ಅದು ಲೆಕ್ಕಕ್ಕಿಲ್ಲ, ಅವರು ಮಾತ್ರ ಬೌಂಡರಿ ಎಂದು ಚಪ್ಪಾಳೆ ತಟ್ಟುವರು.

ಒಂದು ಕೋಣೆಯಲ್ಲಿ ಆರು ಜನ. ಖುಬ್ಬುಸ್ ಎಂಬ ಇಲ್ಲಿನ ರೊಟ್ಟಿ ನನಗೆ ಸೇರಲಿಲ್ಲ. ಬಾಜು ಮಂಚದ ಅಣ್ಣಿಗೇರಿಯವನು ಅದನ್ನು ನೋಡಿ, ಎಲ್ಲಿಂದಲೋ ಜೋಳದ ಹಿಟ್ಟು ತಂದು ರೊಟ್ಟಿ ಬಡಿದುಕೊಟ್ಟ. ನನಗಿಂತ ಆರು ತಿಂಗಳು ಮೊದಲು ಬಂದವನು. ಮೌಂಡ್ ಕಟ್ಟಿದ್ದೂ ಅವನೇ, ಒದ್ದೆ ಮಣ್ಣನ್ನು ಪದರ ಪದರವಾಗಿ ಕುಟ್ಟಿ. ಅದಕ್ಕೆ ಬಿಸಿಲು ತಾಗಬಾರದೆಂದು ಸದಾ ತಾಡಪತ್ರಿ ಹೊದಿಸಿರುತ್ತಿದ್ದ. ನನಗಿದು ಸರಿ ಕಾಣಲಿಲ್ಲ. ನಮ್ಮ ಎರೆಹೊಲ ಹಸಿ ಇದ್ದಾಗ ಯಾರು ಕಾಲಿಡುತ್ತಾರೆ? ಗಾಳಿಗೆ ಆರಿದ ಮೇಲೆಯೇ ಅದಕ್ಕೆ ಹದ.

ಪಂದ್ಯವಿದ್ದ ಒಂದು ಶುಕ್ರವಾರ ಮಧ್ಯಾಹ್ನ ಅವನು ನಮಾಜಿಗೆ ಹೊರಟ.

"ತಾಡಪತ್ರಿ ಮುಟ್ಟಬ್ಯಾಡ್ರಿ ಕಾಕಾ. ಇದು ನಿಮ್ಮ ಮೊರಬದ ಹೊಲ ಅಲ್ಲ."

"ಮಣ್ಣಿಂದು ನನಗ ಕಲಸ್ತಿಯೇನ್ಲೇ?" ಅಂದೆ.

ಅವನು ನಕ್ಕು ಹೋದ. ನಾನು ಹೊದಿಕೆ ಸರಿಸಿ ಒಂದು ತಾಸು ಆರಲು ಬಿಟ್ಟು, ಅವನು ಬರುವಷ್ಟರಲ್ಲಿ ಮೊದಲಿನಂತೆ ಮುಚ್ಚಿದೆ. ಸಂಜೆ ಮೂರನೇ ಎಸೆತಕ್ಕೆ ಆಟಗಾರನ ಕಾಲಡಿಯ ಮಣ್ಣು ಹೆಂಟೆಯಾಗಿ ಎದ್ದಿತು. ಪಾದ ಹೊರಳಿ ಬಿದ್ದವನು ಆ ವರ್ಷ ಮತ್ತೆ ಆಡಲಿಲ್ಲ.

ಮಣ್ಣು ಒಣಗಿದ್ದು ಕಂಡು, ಹೊದಿಕೆ ಯಾರು ತೆಗೆದರೆಂದು ಮ್ಯಾನೇಜರ್ ಕೇಳಿದ. ಅಣ್ಣಿಗೇರಿಯವನು ನನ್ನ ಮುಖ ನೋಡಿದ. ಅವನಿಗೆ ತಿಳಿದಿತ್ತು. ನಾನು ಬಗ್ಗಿ ಹೆಂಟೆ ಆರಿಸತೊಡಗಿದೆ. ಸ್ವಲ್ಪ ಹೊತ್ತು ಕಾದು, ಡ್ಯೂಟಿ ತನ್ನದಿತ್ತು ಎಂದು ಅವನೇ ಹಿಂದಿಯಲ್ಲಿ ಹೇಳಿದ. ವಾರದೊಳಗೆ ಅವನನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸಿದರು. ಚೀಲ ಕಟ್ಟುವಾಗಲೂ ಅವನು ನನ್ನನ್ನು ಬೈಯಲಿಲ್ಲ.

"ಮೂರು ಹೊತ್ತು ನೀರು ಹೊಡೀರಿ. ಒಣಗಾಕ ಬಿಡಬ್ಯಾಡ್ರಿ," ಎಂದಷ್ಟೇ ಅಂದ.

ಅವನ ಕೆಲಸ ನನಗೆ ಬಂತು. ಅವನ ಮಾತಿನಂತೆಯೇ ಮಾಡಿದೆ. ಮುಂದೆ ಯಾರ ಕಾಲಡಿಯೂ ಮಣ್ಣು ಏಳಲಿಲ್ಲ. ಈಗ ಆಟ ತಿಳಿದವರೇ ಟಿಕೆಟ್ ಕೊಂಡು ಬರುತ್ತಾರೆ, ಆಟಗಾರರು ನನ್ನ ಕೈ ಕುಲುಕಿ ಮೌಂಡ್ ಏರುತ್ತಾರೆ.

ಹೋದ ವಾರ ಆಫೀಸಿನ ಹೆಣ್ಣುಮಗಳೊಬ್ಬಳು ಬಂದಳು. ತಂಡದ ಮೊದಲ ದಿನಗಳ ಪುಸ್ತಕ ಮಾಡುತ್ತಿದ್ದಾರಂತೆ. ಮೊದಲ ಮೌಂಡ್ ಕಟ್ಟಿದವರು ನೀವಲ್ಲವೇ ಎಂದಳು. ಇದೇ ಮಾತಿಗೆ ಹಿಂದೆ ಎರಡು ಸಲ ಹೌದೆಂದು ತಲೆಯಾಡಿಸಿದ್ದೆ. ಈ ಸಲ ಅಲ್ಲ ಅಂದೆ. ಕಟ್ಟಿದವನ ಹೆಸರು ಬರೆಸಿದೆ, ಕೆಡಿಸಿದವನು ನಾನೆಂದೂ ಬರೆಸಿದೆ. ಮ್ಯಾನೇಜರನಿಗೂ ಹೇಳಿದೆ. ನೀರು ಹೊಡೆಯುವ ಹೊತ್ತಾಯಿತು ಹೋಗು ಅಂದ.

ಮುಂದಿನ ತಿಂಗಳು ವೀಸಾ ಮುಗಿಯುತ್ತದೆ. ಇಲ್ಲಿ ನನ್ನದೆಂದುಕೊಂಡ ಜಾಗ ಇನ್ನೊಬ್ಬನದು. ಊರಲ್ಲಿ ಬಿರಿದ ಎರೆಹೊಲ ಕಂಡರೆ ನನ್ನ ಕೈ ಈಗ ನೀರಿನ ಪೈಪು ಹುಡುಕುತ್ತದೆ. ಎರಡೂ ಕಡೆ ಅರ್ಧರ್ಧ ಉಳಿದಿದ್ದೇನೆ. ಆದರೂ ಹುಬ್ಬಳ್ಳಿಯಲ್ಲಿ ಇಳಿದವನು ಮೊರಬದ ಬಸ್ಸು ಹತ್ತುವುದಿಲ್ಲ, ಮೊದಲು ಅಣ್ಣಿಗೇರಿಗೆ ಹೋಗುತ್ತೇನೆ. ಬಾಗಿಲು ತೆರೆಯದಿದ್ದರೆ ಹೊರಗೇ ನಿಂತು ಹೇಳುತ್ತೇನೆ: ನಂದು ತಪ್ಪಾತು, ಮಾಬೂಸಾಬ.