ಕೆಡದ ಮಿಕ್ಸರ್‌ಗಳ ಲೆಕ್ಕ

ಕಳೆದ ಮಂಗಳವಾರ ನಮ್ಮ ಮಿಕ್ಸರ್ ಹೊಗೆ ಬಿಟ್ಟು ನಿಂತಿತು. ನಾನು ಸಿಟ್ಟಿನಲ್ಲಿ ಕಂಪ್ಯೂಟರ್ ಮುಂದೆ ಕೂತೆ.

ಕೊಪ್ಪಳದಲ್ಲೊಬ್ಬರು ಸಣ್ಣ ಶೆಡ್ಡಿನಲ್ಲಿ ತಯಾರಿಸುವ ಮಿಕ್ಸರ್ ಅದು. ಹೆಸರು ಹಾಕಿಯೇ ಝಾಡಿಸಿದೆ. (ಬೈಯುವಾಗ ನನ್ನ ಭಾಷೆ ಎಷ್ಟು ಸಲೀಸಾಗಿ ಹರಿಯುತ್ತದೆ, ನಿಮಗೇ ಗೊತ್ತು.) ಸಂಜೆಯೊಳಗೆ ಅಂಕಣ ಕಳಿಸಬೇಕು. ಅಷ್ಟರಲ್ಲಿ ಕಾರಟಗಿಯಿಂದ ಬಸಣ್ಣ ಕಾಕಾ ಬಂದರು.

ಕಾಕಾ ರಿಟೈರ್ಡ್ ಇಂಜಿನಿಯರ್. ಇಡೀ ಸರ್ವಿಸ್ ಅಕ್ಕಿ ಗಿರಣಿಗಳಲ್ಲೇ. ಯಂತ್ರದ ಯಾವ ಭಾಗ ಎಷ್ಟು ದಿನ ಬಾಳುತ್ತದೆ ಅನ್ನೋದೇ ಅವರ ಹುಚ್ಚು. ಬೇರೆಯವರು ಮುರಿದ ಬೇರಿಂಗ್ ಅಷ್ಟೇ ಬರೆದಿಟ್ಟರೆ, ಇವರು ಓಡುತ್ತಿರುವುದನ್ನೂ ಬರೆಯುತ್ತಿದ್ದರು: ಇಷ್ಟು ತಾಸು ಓಡಿದೆ, ಇನ್ನೂ ಗಟ್ಟಿ. ಮಾಲೀಕರು ನಕ್ಕರು. ಸುಗ್ಗಿಯ ನಡುವೆ ಗಿರಣಿ ನಿಲ್ಲೋದು ಕಡಿಮೆಯಾದ ಮೇಲೆ ನಗೋದು ಬಿಟ್ಟರು. ಮುಂದೆ ಸ್ಟ್ಯಾಟಿಸ್ಟಿಕ್ಸ್ ಪ್ರೊಫೆಸರ್ ಒಬ್ಬರ ಜೊತೆ ಸೇರಿ, ಕೆಟ್ಟವು ಕಡಿಮೆ, ಕೆಡದವು ಹೆಚ್ಚು ಇದ್ದಾಗ ಯಂತ್ರದ ಆಯುಷ್ಯ ಅಂದಾಜು ಮಾಡುವ ಹೊಸ ದಾರಿಯನ್ನೇ ಕಂಡುಹಿಡಿದರು. ಅದನ್ನೀಗ ದೂರದೂರಿನ ಇಂಜಿನಿಯರುಗಳೂ ಬಳಸುತ್ತಾರೆ.

ನನ್ನ ಬರಹ ಓದಲು ಕೊಟ್ಟೆ. ನಗುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ತೆಗೆದರು.

“ಕೆಟ್ಟದ್ದೊಂದು ಬರದೀ ತಮ್ಮಾ. ಕೆಡಲಾರದವು ಎಷ್ಟು ಅದಾವ?”

ನನಗೇನು ಗೊತ್ತು? ಕೇಳಿಯೇ ಬರೋಣ ನಡಿ ಅಂತ ಎಬ್ಬಿಸಿದರು. ಗಂಗಾವತಿಯ ನಮ್ಮ ಓಣಿಯಲ್ಲಿ ಮನೆ ಮನೆ ಹೊಕ್ಕು, ಆ ಮಿಕ್ಸರ್ ಇದೆಯೇ, ಯಾವಾಗ ತಗೊಂಡಿರಿ, ಏನೇನು ರುಬ್ಬುತ್ತೀರಿ ಅಂತ ವಿಚಾರಿಸಿದೆವು. ಆರು ಮನೆಗಳಲ್ಲಿ ಚಹಾ ಆಯಿತು. ಹನ್ನೊಂದು ಮಿಕ್ಸರ್ ಸಿಕ್ಕವು. ಹನ್ನೊಂದೂ ಓಡುತ್ತಿದ್ದವು! ಮೂಲೆಮನೆ ಟೀಚರಮ್ಮನದು ಏಳು ವರ್ಷದ್ದು.

ವಾಪಸ್ ಬಂದು ಕಾಕಾ ನನ್ನ ಹೆಂಡತಿಯನ್ನು ಕೇಳಿದರು, ಇವತ್ತು ಮಿಕ್ಸರ್ ಹಾಕಿದ್ದು ಯಾರು ಅಂತ.

“ಇವರ ರೀ ಮಾವಾರ. ಶೇಂಗಾ ಚಟ್ನಿಗೆ ಸ್ವಿಚ್ ಹಾಕಿ, ಫೋನಿನ್ಯಾಗ ಮಾತಾಡಕೋತ ಹೊರಗ ಹೋಗಿದ್ರು.”

ಕಾಕಾ ಪೆನ್ನು ತೆಗೆದರು. ನೋಟ್‌ಬುಕ್ಕಿನಲ್ಲಿ ಹನ್ನೊಂದು ಮಿಕ್ಸರ್‌ಗಳ ಮುಂದೆ ‘ಓಡಾಕತ್ತೈತಿ’ ಅಂತ ಬರೆದರು. ನಮ್ಮದರ ಮುಂದೆ, ಕಾರಣದ ಜಾಗದಲ್ಲಿ, ನನ್ನ ಹೆಸರು. (ಹೆಂಡತಿ ಅದರ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾಳೆ.)

ಬರೆದದ್ದನ್ನೆಲ್ಲ ಅಳಿಸಿದೆ. ಪ್ರಿಂಟಾಗಿದ್ದರೆ? ಆ ಶೆಡ್ಡಿನಲ್ಲಿ ನಾಲ್ಕು ಜನ ಹೆಣ್ಣುಮಕ್ಕಳು ದುಡಿಯುತ್ತಾರೆ. ನನ್ನ ಒಂದು ದಿನದ ಸಿಟ್ಟಿಗೆ ಅವರ ಅನ್ನಕ್ಕೆ ಕುತ್ತು ಬರುತ್ತಿತ್ತು.

ಮರುದಿನ ಕೊಪ್ಪಳಕ್ಕೆ ಹೋಗಿ ತಪ್ಪು ನನ್ನದೇ ಅಂತ ಒಪ್ಪಿಕೊಂಡೆ. ನಮ್ಮ ಓಣಿಯ ಹನ್ನೊಂದರ ಸುದ್ದಿಯನ್ನೂ ಹೇಳಿದೆ. ಮೋಟಾರು ಬಿಚ್ಚುತ್ತಿದ್ದ ಮಾಲೀಕರ ಕೈ ನಿಂತಿತು.

“ರಿಪೇರಿಗೆ ಭಾಳ ಮಂದಿ ಬರ್ತಾರ ರೀ. ಛಲೋ ಐತಿ ಅಂತ ಹೇಳಾಕ ಬಂದವರು ನೀವ ಮೊದಲಿಗರು.”

ನೀವು ಹಾಗೆ ಹೇಳೋಕೆ ಅಂತ ಕೊನೆಯ ಸಲ ಯಾರ ಬಾಗಿಲಿಗೆ ಹೋಗಿದ್ರಿ?