ಎತ್ತಬಾರದ ಕರೆ

ಬೈಲಹೊಂಗಲದ ಅಬ್ರಾರನು ಮೊದಲು ಕಂಬ ಹತ್ತುವ ಕೆಲಸದವನು. ನೇಸರಗಿ, ಸಂಪಗಾಂವದ ಕಡೆ ಟೆಲಿಫೋನಿನ ತಂತಿ ಹರಿದರೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹೊರಡುತ್ತಿದ್ದ. ಮನೆಮನೆಯ ಫೋನುಗಳು ಮೂಕವಾಗಿ, ತಂತಿಗಳ ಮೇಲೆ ಹೀರೇಬಳ್ಳಿ ಹಬ್ಬತೊಡಗಿದಾಗ ಇಂಟರ್ನೆಟ್ ಫೋನು ಕೂಡಿಸುವುದನ್ನು ಕಲಿತ. ಕಬ್ಬಿನ ಕಚೇರಿ, ಅರಳೆಯ ಗಿರಣಿ ಎಂದು ಒಂದೊಂದೇ ಕೆಲಸ ಹಿಡಿಯುತ್ತ, ಕಡೆಗೆ ಡಾಕ್ಟರ್ ವಿರೂಪಾಕ್ಷ ಅವರ ಆಸ್ಪತ್ರೆಗೆ ಬಂದ.

ಬೈಲಹೊಂಗಲದ ಆ ಆಸ್ಪತ್ರೆಗೆ ಸವದತ್ತಿ, ರಾಮದುರ್ಗಗಳಲ್ಲಿ ಎರಡು ಶಾಖೆಗಳು. ಮೂರನ್ನೂ ಒಂದೇ ಫೋನಿನ ವ್ಯವಸ್ಥೆಗೆ ತರಬೇಕೆಂದು ಡಾಕ್ಟರರ ಆಸೆ. ಯಾವ ಅಂಕಿ ಬಂದರೆ ಕರೆ ಯಾವ ದಾರಿ ಹಿಡಿಯಬೇಕೆಂದು ಮೊದಲೇ ಗೊತ್ತುಮಾಡಿಡುವುದಕ್ಕೆ ಡಯಲ್ ಪ್ಲ್ಯಾನ್ ಎನ್ನುತ್ತಾರೆ. ನಿಯಮಗಳನ್ನು ಒಂದರ ಕೆಳಗೊಂದು ಬರೆಯಬೇಕು. ಯಂತ್ರವು ಮೇಲಿನಿಂದ ನೋಡುತ್ತ ಬಂದು, ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ. ಕೆಳಗೆ ಎಷ್ಟೇ ಒಳ್ಳೆಯ ನಿಯಮವಿದ್ದರೂ ತಿರುಗಿ ನೋಡುವುದಿಲ್ಲ. ಅಬ್ರಾರನು ಆಂಬುಲೆನ್ಸಿನ ನಿಯಮವನ್ನು ಎಲ್ಲಕ್ಕೂ ಮೇಲಿಟ್ಟ. ಹೊರಗಿನಿಂದ ಬರುವ ಕರೆಗೆ ಗಂಟೆ ಬಾರಿಸುವ ಮೊದಲೇ ಸ್ವಾಗತದ ದನಿ ಕೇಳುವಂತೆ ಮಾಡಿದ. ಬೈಲಹೊಂಗಲಕ್ಕೆ ಒಂದು ಒತ್ತಿರಿ, ಸವದತ್ತಿಗೆ ಎರಡು, ರಾಮದುರ್ಗಕ್ಕೆ ಮೂರು. ದನಿ ಡಾಕ್ಟರರ ಹೆಂಡತಿ ಅನ್ನಪೂರ್ಣಾ ಅವರದು.

"ಮನ್ಯಾಗ ಕೇಳೂದು ಸಾಲಲಿಲ್ಲ ಅಂತ ಡಾಕ್ಟ್ರು ಇಲ್ಲೂ ತಂದು ಕುಂಡ್ರಿಸ್ಯಾರ ನೋಡಪಾ," ಎಂದು ಹೊರಗಿನ ಮೇಜಿನ ಅನ್ವರಬಿ ನಕ್ಕಳು. ಬಂದವರ ಹೆಸರು ಕೂಗಿ ಒಳಗೆ ಕಳಿಸುವುದೂ ಫೋನು ನೋಡಿಕೊಳ್ಳುವುದೂ ಅವಳ ಕೆಲಸ. ಬೆಳಗಿನಿಂದ ಫೋನು ಬಡಿದುಕೊಳ್ಳದೆ ಸುಮ್ಮನಿದ್ದುದು ಅವಳಿಗೆ ಹಬ್ಬವಾಗಿತ್ತು.

ಹೊಸ ವ್ಯವಸ್ಥೆ ಶುರುವಾದ ಆ ಮಂಗಳವಾರವೇ ಸಂಪಗಾಂವದ ಕಾಡಪ್ಪ ಬಂದ. ಅವನ ಮೂತ್ರಪಿಂಡಗಳು ಸೋತಿದ್ದವು. ಮಂಗಳವಾರ, ಶುಕ್ರವಾರ ಯಂತ್ರದಲ್ಲಿ ರಕ್ತ ಶುದ್ಧಿಮಾಡಿಸಿಕೊಂಡರೆ ಮಾತ್ರ ಉಸಿರು ಸಲೀಸು. ಆದರೆ ಅವನ ಯಂತ್ರದಲ್ಲಿ ಆಗಲೇ ಬೇರೊಬ್ಬರು ಮಲಗಿದ್ದರು.

"ನೀ ಬರೂದಿಲ್ಲ ಅಂತ ತಿಳಕೊಂಡ್ವಿ, ಕಾಕಾ! ಕಾಲ್ ಯಾಕ ಕೊಡಲಿಲ್ಲ?" ಎಂದು ಅನ್ವರಬಿ ಅವನ ಕಿವಿಯ ಹತ್ತಿರ ಕೂಗಿದಳು.

"ಕೊಟ್ಟೇನಲ್ಲವಾ! ಬಸ್ ಹತ್ತಿ ಕುಂತು ಕೊಟ್ಟೇನಿ. ನನ್ನ ಸುಳ್ಳ ಮಾಡಬ್ಯಾಡ."

ಅವನ ಕಾಲುಗಳು ಬಾತಿದ್ದವು. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ. ಯಂತ್ರ ಖಾಲಿಯಾಗಲು ಸಂಜೆಯಾಗುತ್ತಿತ್ತು. ಬೆಂಚಿನ ಮೇಲೆ ಗೋಡೆಗೊರಗಿ ಕುಳಿತ.

ಪಕ್ಕದಲ್ಲಿ ಏಣಿ ಹತ್ತಿ ತಂತಿ ಬಿಗಿಯುತ್ತಿದ್ದ ಅಬ್ರಾರ ಕೆಳಗಿಳಿದು ಕೇಳಿದ: "ಏನ್ ಕಾಲ್, ಬೀ?"

"ಮಿಸ್ಡ್ ಕಾಲ್. ಕಾಕಾಗ ಕಿವಿ ಕೇಳೂದಿಲ್ಲ, ಮಾತಾಡೂದು ಎಲ್ಲಿಂದ? ಎರಡು ಸಲ ಗಂಟಿ ಆಗೂ ಹೊತ್ತಿಗೆ ಅಂದಾಜಿನ ಮ್ಯಾಲ ಕಟ್ ಮಾಡತಾನ. ಬಸ್ ಹತ್ತ್ಯಾನ ಅಂತ ನಾವು ಮಶಿನ್ ತಯಾರ್ ಮಾಡತೇವಿ. ಒಬ್ಬಂವಲ್ಲ, ಹಳ್ಳಿಯವರು ಭಾಳ ಮಂದಿ ಹಿಂಗ."

ಅಬ್ರಾರ ಕಂಪ್ಯೂಟರ್ ತೆರೆದು ನೋಡಿದ. ಕಾಡಪ್ಪನ ಕರೆ ಬಂದಿತ್ತು. ಸ್ವಾಗತದ ನಿಯಮ ಅದನ್ನು ಗಂಟೆಗೆ ಬಿಡದೆ ಹಿಡಿದು, ಕೇಳದ ಕಿವಿಗೆ ಸ್ವಾಗತ ಹೇಳಿತ್ತು. ಅವನು ಎಂದಿನಂತೆ ಕಟ್ ಮಾಡಿದ್ದ. ಮೇಜಿನ ಫೋನಿಗೆ ಸುದ್ದಿಯೇ ಇರಲಿಲ್ಲ. ತಪ್ಪು ನಿಯಮದ್ದು, ನಿಯಮ ಬರೆದವನು ತಾನು. ಅವನು ಯಾರಿಗೂ ಹೇಳದೆ ಸರಿಪಡಿಸಿಬಿಡಬಹುದಿತ್ತು. ಆದರೆ ದನಿ ಹಿಂದೆ ಸರಿದದ್ದು ಡಾಕ್ಟರರಿಗೆ ಗೊತ್ತಾಗದೆ ಇರುತ್ತಿರಲಿಲ್ಲ. ನೇರ ಅವರ ಕೋಣೆಗೆ ಹೋದ.

"ಜನಾ ಕಲೀತಾರ ಬಿಡೋ," ಎಂದರು ಡಾಕ್ಟರರು. "ಹೊಸದು ಬಂದಾಗ ಒಂದ್ ನಾಕ್ ದಿನ ಹಿಂಗ ಆಗೂದ."

"ನಾಕ್ ದಿನದಾಗ ಶುಕ್ರವಾರ ಬರತೈತಲ್ರಿ, ಸರ್. ಕೇಳದ ಕಿವಿಗೆ ಒಂದು ಒತ್ತರಿ ಅಂತ ಯಾರು ಕಲಿಸೂದ್ರಿ?"

"ಅವನೊಬ್ಬನ ನಂಬರಿಗೆ ಬ್ಯಾರೆ ದಾರಿ ಮಾಡು."

"ನಾಳೆ ಅಂವ ಮಗಳ ಫೋನಿಂದ ಕೊಟ್ರ? ಮೊದ್ಲ ಗಂಟಿ ಬಾರಸ್ಲಿ, ಯಾರೂ ಎತ್ತದಿದ್ರ ಅನ್ನಪೂರ್ಣಾ ಬಾಯಿಯವರ ದನಿ ಬರಲಿ. ಇಷ್ಟ ರೀ ನಾ ಕೇಳೂದು."

ಡಾಕ್ಟರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಗಾದ್ರ ಆಕಿ ದನಿ ಯಾರಿಗೂ ಕೇಳ್ಸಾಂಗಿಲ್ಲ. ಅನ್ವರಬಿ ಮೊದ್ಲ ಎತ್ತಿಬಿಡತಾಳ."

"ಆಕಿ ಊಟಕ್ಕ ಹೋದಾಗ ಕೇಳ್ಸತೈತ್ರಿ."

ಅವರಿಗೆ ನಗು ತಡೆಯಲಾಗಲಿಲ್ಲ. "ಮನ್ಯಾಗ ಆಕಿಗೆ ನೀನ ಹೇಳಬೇಕು ಮತ್ತ," ಎಂದು ಬಾಗಿಲತ್ತ ಕೈಮಾಡಿದರು.

ಅಬ್ರಾರ ಗಂಟೆಯ ನಿಯಮವನ್ನು ಸ್ವಾಗತದ ಮೇಲಕ್ಕೆ ಒಯ್ದು, ಯಾರೂ ಎತ್ತದಿದ್ದರೆ ಮಾತ್ರ ಕರೆ ಸ್ವಾಗತಕ್ಕೆ ಇಳಿಯುವಂತೆ ಬರೆದ. ಕೆಲಸ ಎರಡು ಸಾಲಿನದು. ಕಾಡಪ್ಪನಿಗೆ ಸಂಜೆಯ ಹೊತ್ತಿಗೆ ಯಂತ್ರ ಸಿಕ್ಕಿತು. ಊರಿನ ಕೊನೆಯ ಬಸ್ಸು ತಪ್ಪಿತೆಂದು ಅವನು ಆಸ್ಪತ್ರೆಯ ಪಡಸಾಲೆಯಲ್ಲೇ ಮಲಗಬೇಕಾಯಿತು.

ಶುಕ್ರವಾರ ಯಾರೂ ಕರೆಯದಿದ್ದರೂ ಅಬ್ರಾರನು ಬಂದು ಮೇಜಿನ ಹತ್ತಿರ ನಿಂತಿದ್ದ. ಫೋನು ಬಡಿದುಕೊಂಡಿತು. ಸರಿಯಾಯಿತೋ ಇಲ್ಲವೋ ನೋಡುವ ಅವಸರದಲ್ಲಿ ಅವನ ಕೈ ಮುಂದಕ್ಕೆ ಹೋಯಿತು. ಅನ್ವರಬಿ ಆ ಕೈಗೊಂದು ಏಟು ಕೊಟ್ಟಳು.

"ಎತ್ತಬ್ಯಾಡೋ! ಎತ್ತಿದ್ರ ಕಾಕಾನ ರೊಕ್ಕ ಹೋಗತೈತಿ. ಎರಡು ಗಂಟಿ ಆದ್ರ ಸಾಕು, ತಾನ ಕಟ್ ಮಾಡತಾನ."

ಗಂಟೆ ಇನ್ನೊಮ್ಮೆ ಬಡಿದು ನಿಂತಿತು. ಅನ್ವರಬಿ ಒಳಗೆ ಕೂಗಿ ಹೇಳಿದಳು. ಯಂತ್ರದ ನಳಿಕೆಗಳಲ್ಲಿ ನೀರು ಹರಿಯುವ ಸದ್ದು ಶುರುವಾಯಿತು.

ಬಸ್ಸಿಳಿದು ಬಂದ ಕಾಡಪ್ಪ ಯಾರನ್ನೂ ಏನೂ ಕೇಳದೆ ಒಳಗೆ ಹೋಗಿ, ಟೋಪಿ ತೆಗೆದು ದಿಂಬಿನ ಪಕ್ಕಕ್ಕಿಟ್ಟು, ತೋಳು ಚಾಚಿ ಮಲಗಿದ.